ಯಾರಿಗೂ ಕೊಡಬಾರದ ಪ್ರೋಗ್ರಾಂ

ಮನೆ ಹಂಚಿಕೆ ಕಚೇರಿಯಲ್ಲಿ ಮೂರು ಜಾತಿಯ ಕಂಪ್ಯೂಟರುಗಳಿವೆ ಎಂಬುದು ಕಡತದಲ್ಲಿ ದಾಖಲಾದ ಸತ್ಯ. ಗುಮಾಸ್ತರಿಗೆ ವಿಂಡೋಸ್, ಶಾಖೆಗಳಿಗೆ ಲಿನಕ್ಸ್, ನಿರ್ದೇಶಕರಿಗೆ ಮ್ಯಾಕ್. ಅರ್ಜಿದಾರರ ಸರದಿ ಪಟ್ಟಿಯನ್ನು ಮೂರರಲ್ಲೂ ಒಂದೇ ರೀತಿ ತೋರಿಸುವ ಪ್ರೋಗ್ರಾಂ ಬರೆಯಬೇಕೆಂದು ಹಂಗಾಮಿ ಪ್ರೋಗ್ರಾಮರಿಗೆ ಆದೇಶವಾಯಿತು. ಆರು ವರ್ಷದಿಂದ ಅವಳ ಕೆಲಸ ಮೂರು ಮೂರು ತಿಂಗಳಿಗೆ ನವೀಕರಣವಾಗುತ್ತ ಬಂದಿತ್ತು. ಈ ಸಲ ಪ್ರೋಗ್ರಾಂ ಒಪ್ಪಿಗೆಯಾದರೆ ಕಾಯಂ, ಇಲ್ಲವಾದರೆ ತಿಂಗಳ ಕೊನೆಗೆ ಮನೆಗೆ. ಸಂಜೆ ಬಾಗಿಲು ತೆರೆಯುತ್ತಲೇ ಅತ್ತೆ, "ಕಾಯಂ ಆಯ್ತೇನಮ್ಮಾ?" ಎಂದು ಕೇಳುವುದೂ ಆರು ವರ್ಷದ ವಾಡಿಕೆ.

ಗುಂಡಿ, ಪಟ್ಟಿ, ಕಿಟಕಿಗಳನ್ನೆಲ್ಲ ಪರದೆಯ ಮೇಲೆ ಬಿಡಿಸಿಕೊಡುವ ಟೂಲ್‌ಕಿಟ್ಟುಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದು, ಮ್ಯಾಕ್ ಕಂಡರೆ ಮುಖ ತಿರುಗಿಸುತ್ತಿತ್ತು. ಇನ್ನೊಂದರಲ್ಲಿ ಗುಂಡಿಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಮೂರನೆಯದು ಬಂಗಾರದಂಥದ್ದು, ಕಾಸೂ ಬೇಡ. ಅದರ ಪರವಾನಗಿಯ ಷರತ್ತು ಇಷ್ಟೇ: ಅದನ್ನು ಬಳಸಿ ಬರೆದ ಪ್ರೋಗ್ರಾಂ ಯಾರ ಕೈಗೆ ಹೋಗುತ್ತದೋ ಅವರು ಕೇಳಿದರೆ ಅದರ ಮೂಲ ಬರಹವನ್ನೂ, ಅಂದರೆ ಸೋರ್ಸ್ ಕೋಡನ್ನೂ, ಕೊಡಬೇಕು. ಗುಟ್ಟಾಗಿಡುವ ಆಸೆಯಿದ್ದವರು ದುಡ್ಡು ಕೊಟ್ಟು ಬೇರೆ ಪರವಾನಗಿ ಕೊಳ್ಳಬಹುದು. ಆ ಮೂರನೆಯದರಲ್ಲೇ ಪ್ರೋಗ್ರಾಂ ಬರೆದು ಮುಗಿಸಿ, ಇದನ್ನೆಲ್ಲ ಅವಳು ಟಿಪ್ಪಣಿಯಲ್ಲಿ ಬರೆದಳು. ಟಿಪ್ಪಣಿಯನ್ನು ಯಾರಾದರೂ ಓದಿಯಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅಧೀಕ್ಷಕರು ಓದಿದರು. ಓದಿ, ಅವಳನ್ನು ಕರೆಸಿ, ಬಾಗಿಲು ಹಾಕಿದರು.

"ಶಾಖೆಗಳಿಗೆ ಕೊಟ್ರೆ ಅವರು ಕೋಡ್ ಕೇಳಬಹುದೇನಮ್ಮಾ?"

"ಕೇಳಬಹುದು ಸಾರ್. ಕೇಳಿದ್ರೆ ಕೊಡಬೇಕು."

"ಆ ನಲವತ್ತೇಳನೇ ಸಾಲೂ ಅದರಲ್ಲಿರುತ್ತಾ?"

ನಲವತ್ತೇಳನೆಯ ಸಾಲನ್ನು ಅಧೀಕ್ಷಕರೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಬರೆಸಿದ್ದರು. ಯಾವ ಹೆಸರಿನ ಮುಂದೆ ನಿರ್ದೇಶಕರು ಚುಕ್ಕೆ ಇಡುತ್ತಾರೋ ಆ ಹೆಸರು ಸರದಿಯ ಮೊದಲಿಗೆ ಹೋಗತಕ್ಕದ್ದು ಎಂಬುದು ಅದರ ಸಾರಾಂಶ. ಚುಕ್ಕೆ ಎಷ್ಟಕ್ಕೆ ಬೀಳುತ್ತದೆಂಬುದು ಪ್ರೋಗ್ರಾಮಿನ ವ್ಯಾಪ್ತಿಗೆ ಬರುವುದಿಲ್ಲ.

"ಇರುತ್ತೆ ಸಾರ್. ಆ ಸಾಲು ತೆಗೆದುಬಿಡ್ಲಾ?"

"ಅದನ್ನ ತೆಗೆದ್ರೆ ಪ್ರೋಗ್ರಾಂ ಯಾಕಮ್ಮಾ ಬೇಕು?" ಅಧೀಕ್ಷಕರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ಹಾಗಾದ್ರೆ ದುಡ್ಡಿನ ಪರವಾನಗಿನೇ ತಗೊಳ್ಳೋಣ ಸಾರ್."

"ಖರೀದಿಗೆ ಕಾರಣ ಬರೀಬೇಕಲ್ಲ. ಮುಚ್ಚಿಡೋದಿದೆ ಅಂತ ಬರೀಲಾ?"

ಸಮಿತಿ ಸೇರಿತು. ಕಾನೂನು ಸಲಹೆಗಾರರು ಪರವಾನಗಿಯನ್ನು ಎರಡು ಸಲ ಓದಿ, ಪ್ರೋಗ್ರಾಮನ್ನು ಬೇರೆಯವರಿಗೆ ಕೊಟ್ಟರೆ ಮಾತ್ರ ಷರತ್ತು ತಗುಲುತ್ತದೆ, ಕೊಡದಿದ್ದರೆ ಇಲ್ಲ ಎಂದು ಪತ್ತೆಹಚ್ಚಿದರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಅಂದೇ ಆದೇಶ ಹೊರಟಿತು:

"ಸದರಿ ಪ್ರೋಗ್ರಾಂ ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಸಮರ್ಪಕವಾಗಿ ನಡೆಯುವುದರಿಂದ ಅದನ್ನು ಯಾರಿಗೂ ಕೊಡತಕ್ಕದ್ದಲ್ಲ. ಉಗ್ರಾಣದ ಪಕ್ಕದ ಕೋಣೆಯಲ್ಲಿ ಒಂದೇ ಯಂತ್ರದಲ್ಲಿ ಇರಿಸತಕ್ಕದ್ದು. ಶಾಖೆಯವರು ಖುದ್ದಾಗಿ ಬಂದು, ಪರದೆಯನ್ನು ನೋಡಿ, ಪೆನ್ಸಿಲಿನಲ್ಲಿ ನಕಲು ಮಾಡಿಕೊಳ್ಳತಕ್ಕದ್ದು. ಮೂಲ ಬರಹವನ್ನು ಈಗಾಗಲೇ ಬಲ್ಲವರನ್ನೇ ಯಂತ್ರದ ಕಾವಲಿಗೆ ಕಾಯಂ ಆಗಿ ನೇಮಿಸತಕ್ಕದ್ದು."

ಬಲ್ಲವಳು ಒಬ್ಬಳೇ. ನೇಮಕದ ಪತ್ರವನ್ನು ಅತ್ತೆ ಮೂರು ಸಲ ಓದಿಸಿ ಕೇಳಿದರು. ಅವಳಿಗೂ ಸಂತೋಷವಾಗದೆ ಇರಲಿಲ್ಲ.

ಕಾವಲಿನ ಎರಡನೆಯ ಬೆಳಿಗ್ಗೆ, ಬಾಗಿಲಾಚೆಯವರೆಗೂ ಬೆಳೆದಿದ್ದ ಸಾಲಿನ ಮುಂದಿದ್ದ ಶಾಖೆಯ ಗುಮಾಸ್ತರು ಪರದೆಯನ್ನೂ ತಮ್ಮ ನೋಟ್‌ಬುಕ್ಕನ್ನೂ ಹೋಲಿಸಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಮೇಡಂ, ನಮ್ಮ ಶಾಖೆಯ ಅರ್ಜಿದಾರರಲ್ಲಿ ಗಂಡ ಇಲ್ಲದ ಒಬ್ಬ ಹೆಂಗಸು ನಿನ್ನೆ ಸರದೀಲಿ ಮೂರನೇಯವರಾಗಿದ್ರು. ಹನ್ನೆರಡು ವರ್ಷ ಕಾದಿದಾರೆ ಪಾಪ. ಇವತ್ತು ಹನ್ನೊಂದು ಅಂತಿದೆ. ಯಂತ್ರ ಏನಾದ್ರೂ ಕೆಟ್ಟಿದ್ಯಾ?"

ಅವಳಿಗೆ ನಾಚಿಕೆಯಾಯಿತು. ಕಾಯಂ ನೌಕರರಿಗೆ ಹದಿನೇಳು ಬಗೆಯ ರಜೆಗಳಿದ್ದರೂ ಆ ಕಾರಣಕ್ಕೆ ಒಂದೂ ಇಲ್ಲ. ಅವಳು ಪರದೆಯನ್ನು ನೋಡಿದಳು. ಗುಂಡಿ, ಪಟ್ಟಿ ಎಲ್ಲವೂ ಇರಬೇಕಾದಲ್ಲೇ ಇದ್ದವು.

"ಇಲ್ಲ ಸಾರ್. ಸರಿಯಾಗೇ ಇದೆ."

"ಹಾಗಾದ್ರೆ ಸರಿ," ಎಂದು ಗುಮಾಸ್ತರು ಮೂರನ್ನು ರಬ್ಬರಿನಿಂದ ಅಳಿಸಿ, ಹನ್ನೊಂದು ಎಂದು ದುಂಡಗೆ ಬರೆದುಕೊಂಡು, ಹಿಂದಿನವರಿಗೆ ಜಾಗ ಬಿಟ್ಟರು.