ಕುಡಿತ ಬಿಟ್ಟವನ ನಿದ್ದೆ

ಕುಡಿತ ಬಿಟ್ಟವನನ್ನು ಊರೆಲ್ಲ ಹೊಗಳುತ್ತದೆ. ಹೊಗಳಿದವರು ರಾತ್ರಿ ಮನೆಗೆ ಹೋಗಿ ಗೊರಕೆ ಹೊಡೆಯುತ್ತಾರೆ. ಬಿಟ್ಟವನು ಮಾತ್ರ ಜಂತಿ ನೋಡುತ್ತ ಬಿದ್ದಿರುತ್ತಾನೆ. ತೊಂಬತ್ತರ ದಶಕದ ಕೊನೆಗೆ, ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದ ನಾನು ಹೀಗೇ ಬಿದ್ದಿದ್ದೆ. ಬಾಟಲಿ ಮನೆ ಬಿಟ್ಟು ಹೋಗುವಾಗ ನಿದ್ದೆಯನ್ನೂ ಜೊತೆಗೆ ಕರೆದೊಯ್ದಿತ್ತು. ತರಗತಿಯಲ್ಲಿ ಬೋರ್ಡಿಗೆ ಹಣೆ ಹಚ್ಚಿ ತೂಕಡಿಸಿದರೆ, ಮಾಸ್ತರು ಮತ್ತೆ ಕುಡಿಯತೊಡಗಿದ್ದಾರೆ ಎಂದು ಹುಡುಗರು ಮಾತಾಡಿಕೊಂಡರು. ಕುಡಿಯುತ್ತಿದ್ದಾಗ ಇಷ್ಟು ಕೆಟ್ಟ ಹೆಸರು ಬಂದಿರಲಿಲ್ಲ.

ನಿದ್ದೆ ಗುಳಿಗೆ ಕೇಳಲು ಧಾರವಾಡದ ಡಾಕ್ಟರೊಬ್ಬರ ಬಳಿ ಹೋದೆ. ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸಲಾರೆ ಎಂದು ಅವರು ಗುಳಿಗೆ ಕೊಡಲಿಲ್ಲ. ಬದಲಿಗೆ ರೂಢಿ ತಿದ್ದಿಕೊಳ್ಳಬೇಕಂತೆ. ಕಣ್ಣು ಎಳೆದಾಗಷ್ಟೇ ಹಾಸಿಗೆಗೆ ಹೋಗಬೇಕು, ನಿದ್ದೆ ಬಾರದಿದ್ದರೆ ಎದ್ದುಬಿಡಬೇಕು, ಮುಂಜಾನೆ ಏಳುವ ಹೊತ್ತು ತಪ್ಪಬಾರದು, ಹಗಲು ಮಲಗಲೇಬಾರದು.

ಹೆಂಡತಿ ಗಿರಿಜಾ ಇದನ್ನು ವ್ರತದಂತೆ ಹಿಡಿದಳು. ರವಿವಾರ ಮಧ್ಯಾಹ್ನ, ರೊಟ್ಟಿ ಉಂಡು ಓಣಿಗೆ ಓಣಿಯೇ ಮಲಗಿದಾಗ, ನನ್ನ ಮುಂದೆ ಶೇಂಗಾ ಸುರುವಿ ಸುಲಿಯಲು ಕೂರಿಸುತ್ತಿದ್ದಳು. ಒಮ್ಮೆ ತಡೆಯಲಾರದೆ ಎದ್ದು ಪೇಟೆಗೆ ಹೋದೆ. ಕುಡಿತದ ಕಾಲದ ಗೆಳೆಯ ಸಿದ್ದಪ್ಪ ಸಿಕ್ಕ. "ಒಂದ ಗುಟುಕ ಹಾಕ್ರಿ ಮಾಸ್ತರ, ನಿದ್ದಿ ತಾನ ಬರ್ತೈತಿ" ಎಂದ. ಅವನ ಮಾತು ಸುಳ್ಳಾಗಿರಲಿಲ್ಲ, ಅದೇ ತೊಂದರೆ. ಸಾರಾಯಿ ಅಂಗಡಿಯ ಮೆಟ್ಟಿಲವರೆಗೂ ಹೋಗಿ, ತಿರುಗಿ ಮನೆಗೆ ಬಂದು, ಮತ್ತೆ ಶೇಂಗಾ ಸುಲಿಯಲು ಕೂತೆ. ಗಿರಿಜಾ ಹತ್ತಿರ ಬಂದು, ನನ್ನ ಬಾಯಿ ಮೂಸಿ ನೋಡಿ, ಒಳಗೆ ಹೋದಳು.

ಮುಂದಿನ ಸಲ ಅವಳನ್ನೂ ಧಾರವಾಡಕ್ಕೆ ಕರೆದೊಯ್ದೆ. ನನ್ನ ಪುರಾಣ ಮುಗಿದ ಮೇಲೆ ಡಾಕ್ಟರು ಅವಳ ಕಡೆ ತಿರುಗಿ, ನಿಮಗೆ ನಿದ್ದೆ ಹೇಗೆ ಬರುತ್ತದೆ ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ನನಗೆ ಹೊಳೆಯದ ಪ್ರಶ್ನೆ.

"ಇವ್ರು ಕುಡೀತಿದ್ದಾಗ ಬಾಗಲಾ ತಗ್ಯಾಕಂತ ಎಚ್ಚರ ಇರ್ತಿದ್ನಿರಿ" ಎಂದಳು ಗಿರಿಜಾ. "ಈಗ ಬಾಗಲಾ ತಕ್ಕೊಂಡ ಎಲ್ಲಿ ಹೊಂಡತಾರೋ ಅಂತ ಎಚ್ಚರ ಇರ್ತೇನ್ರಿ."

ಮನೆಗೆ ಬಂದು ಉಂಡಾದ ಮೇಲೆ, ಇನ್ನು ಎಲ್ಲಿಗೂ ಹೋಗುವುದಿಲ್ಲ, ನೀನು ನಿಶ್ಚಿಂತೆಯಿಂದ ಮಲಗು ಎಂದು ಗಂಭೀರವಾಗಿ ಹೇಳಿದೆ. ಅವಳು ಹೂಂ ಎಂದಳು. ತನ್ನ ಚಾಪೆ ತಂದು ಬಾಗಿಲಿಗೆ ಅಡ್ಡ ಹಾಸಿಕೊಂಡಳು. ಬಿದ್ದ ಗಳಿಗೆಗೇ ಅವಳಿಗೆ ನಿದ್ದೆ ಹತ್ತಿತು. ಮರುದಿನವೂ ಅಲ್ಲೇ, ಆಮೇಲೂ ಅಲ್ಲೇ.

ನನ್ನ ನಿದ್ದೆ ಚೂರುಪಾರು ಮರಳಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಎದ್ದು ಕೂತು ಅವಳು ಮಲಗಿದ್ದನ್ನು ನೋಡುತ್ತಿದ್ದೆ. ನಾನು ಎಷ್ಟು ಆಣೆ ಮಾಡಿದರೂ ಸಿಗದ ನೆಮ್ಮದಿ ಅವಳಿಗೆ ಒಂದು ಚಾಪೆಯಿಂದ ಸಿಕ್ಕಿತ್ತು.