ಧರಣೇಂದ್ರಯ್ಯನವರ ಕಿಂಡಿಮುಚ್ಚುಗ

"ಇನ್ಮೇಲೆ ಈ ಕೆಲಸಕ್ಕೆ ಮನುಷ್ಯರೇ ಬೇಡ" ಎಂದು ಇಂಜಿನಿಯರ್ ಧರಣೇಂದ್ರಯ್ಯನವರು ತಮ್ಮ ಹೊಸ ಯಂತ್ರದ ಬೆನ್ನು ತಟ್ಟಿದಾಗ ಸಾಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಪರಮಾಣು ಕಣಗಳನ್ನು ಮಿಂಚಿನಂತೆ ಓಡಿಸುವ ಆ ಸಂಶೋಧನಾ ಕೇಂದ್ರದಲ್ಲಿ, ಕೇಬಲ್ಲಿಗೆಂದು ಗೋಡೆ ಕೊರೆದಾಗಲೆಲ್ಲ ವಿಕಿರಣ ಹೊರಬರದಂತೆ ಸೀಸದ ಇಟ್ಟಿಗೆ ಜೋಡಿಸಿ ಕಿಂಡಿ ಮುಚ್ಚುತ್ತಿದ್ದವರು ಅವಳೂ ಅವಳ ಐವರು ಹೆಂಗಸರೂ. ಹತ್ತೊಂಬತ್ತು ವರ್ಷ! ಇವತ್ತು ಯಂತ್ರ ಗೆದ್ದರೆ ನಾಳೆಯಿಂದ ಆರೂ ಜನ ಮನೆಗೆ.

ಹನ್ನೊಂದಕ್ಕೆ ಕಣ ಹರಿಸಬೇಕು, ಅಷ್ಟರೊಳಗೆ ಹೊಸ ಕಿಂಡಿ ಮುಚ್ಚಿರಬೇಕು ಎಂದು ನಿರ್ದೇಶಕಿ ಮೇಡಂ ಗಡಿಯಾರ ನೋಡಿದರು. ಯಂತ್ರ ಗುರ್ ಎಂದು ಎದ್ದಿತು. ಕಿಂಡಿಯತ್ತ ಮೂತಿಯನ್ನೂ ತಿರುಗಿಸದೆ ಉಗ್ರಾಣದ ಇಟ್ಟಿಗೆಗಳನ್ನೆಲ್ಲ ಹೊಟ್ಟೆಗೆ ತುಂಬಿಕೊಂಡು ಸೀದಾ ಕ್ಯಾಂಟೀನಿಗೆ ಹೋಗಿ, ತೂಗುಹಾಕಿದ್ದ ಬಾಳೆಗೊನೆಯ ಸುತ್ತ ಗೋಡೆ ಎಬ್ಬಿಸಿತು.

ಸೆಟ್ಟಿಂಗು ಕೊಂಚ ತಪ್ಪಿದೆ ಎಂದು ಧರಣೇಂದ್ರಯ್ಯನವರು ಗೊಣಗಿದರು. ಏನು ತಪ್ಪಿದೆಯೆಂದು ಸಾಕಮ್ಮನಿಗೆ ಗೊತ್ತಿತ್ತು. ಬೆಳಿಗ್ಗೆ ಯಂತ್ರಕ್ಕೆ ವಿಕಿರಣದ ಗುರುತು ಕಲಿಸುತ್ತಿದ್ದ ಹೊತ್ತಿನಲ್ಲೇ, ರಾಹುಕಾಲ ಬಂತೆಂದು ಅವಸರಪಟ್ಟು ಪೂಜೆಯನ್ನೂ ಮುಗಿಸಿದ್ದರು. ನೈವೇದ್ಯದ ಬಾಳೆಹಣ್ಣು ಯಂತ್ರದ ಮೂತಿಯೆದುರೇ ಇತ್ತು; ಅದು ಹಣ್ಣನ್ನೇ ಗುರುತೆಂದು ಕಲಿತಿತ್ತು. ಬಾಳೆಹಣ್ಣಿನಲ್ಲೂ ಎಳ್ಳುಕಾಳಿನಷ್ಟು ವಿಕಿರಣವಿದೆ ಎಂದು ಅವಳಿಗೆ ಹೇಳಿಕೊಟ್ಟವರೇ ಅವರು!

"ತಟ್ಟೆ ಆ ಕಡೆ ಇಡಿ ಅಂತ ಆಗ್ಲೇ ಬಡ್ಕೊಂಡೆ. ಕೇಳಿದ್ರಾ ಸಾರ್?"

"ನೀನು ಸುಮ್ನಿರಮ್ಮ, ಇದು ವಿಜ್ಞಾನ."

ಆ ವಿಜ್ಞಾನ ಈಗ ಪ್ರಸಾದ ತಿಂದವರನ್ನು ಹುಡುಕತೊಡಗಿತು. ಗೇಟಿನ ಕಾವಲುಗಾರ ಒಂದೇ ಹಣ್ಣು ತಿಂದಿದ್ದರಿಂದ ಮೊಣಕಾಲಿನವರೆಗೆ ಗೋಡೆ ಎದ್ದಿತು. ಅವನು ದಾಟಿ ಓಡಿದ. ಗುಮಾಸ್ತೆಯೊಬ್ಬರು ಮೇಜು ಹತ್ತಿ ಬಚಾವಾದರು. ನಾಲ್ಕು ಹಣ್ಣು ತಿಂದಿದ್ದ ಧರಣೇಂದ್ರಯ್ಯನವರು ಮಾತ್ರ, ತಾವೇ ಓಡಿದರೆ ಯಂತ್ರಕ್ಕೆ ಅವಮಾನ ಎಂದು ನಿಂತೇ ಇದ್ದರು. ಸೊಂಟ, ಎದೆ, ಕುತ್ತಿಗೆ! ಕಡೆಗೆ ನೆತ್ತಿಯ ಮೇಲೊಂದು ಮುಚ್ಚಿಗೆಯನ್ನೂ ಹಾಕಿ, ಹೊಟ್ಟೆ ಬರಿದಾಗಿ ಯಂತ್ರ ನಿಂತಿತು.

ಗಂಟೆ ಹತ್ತೂಮುಕ್ಕಾಲು. ಕಿಂಡಿ ಬಾಯಿ ತೆರೆದೇ ಇದೆ, ಉಗ್ರಾಣದಲ್ಲಿ ಒಂದು ಇಟ್ಟಿಗೆಯೂ ಇಲ್ಲ.

"ಸಾಕಮ್ಮ, ಬೇಗ ಏನಾದ್ರೂ ಮಾಡಿ" ಎಂದರು ಮೇಡಂ.

"ಮಾಡೋಕ್ಕೆ ನಾವ್ಯಾರು ಮೇಡಂ? ಮನುಷ್ಯರೇ ಬೇಡ ಅಂದ್ರಲ್ಲ."

ಮೇಡಂ ಕಿಂಡಿಯ ಕೆಲಸ ಈ ಆರು ಜನರದೇ ಎಂದು ಕಾಗದದಲ್ಲಿ ಬರೆದು ರುಜು ಹಾಕಿಕೊಟ್ಟರು. ಸಾಕಮ್ಮ ಅದನ್ನು ಎರಡು ಸಲ ಓದಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಂಗಸರು ಇಂಜಿನಿಯರರ ಸುತ್ತಲ ಗೋಡೆಯನ್ನು ಮೇಲಿನಿಂದ ಬಿಚ್ಚಿ ಇಟ್ಟಿಗೆ ಸಾಗಿಸಿದರು. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಕಿಂಡಿ ಮುಚ್ಚಿತ್ತು.

ಧರಣೇಂದ್ರಯ್ಯನವರ ಮುಖ ಮಾತ್ರ ಹೊರಗೆ ಕಾಣುತ್ತಿತ್ತು.

"ಕಿಂಡಿಗೆ ಇಷ್ಟು ಸಾಕಾಯ್ತು ಸಾರ್" ಎಂದಳು ಸಾಕಮ್ಮ, ಕೈ ಒರೆಸಿಕೊಳ್ಳುತ್ತಾ. "ಮಿಕ್ಕಿದ್ದು ಊಟ ಆದ್ಮೇಲೆ ತೆಗೀತೀವಿ."