ಹಳದಿ ದೀಪಕ್ಕೆ ನೂರೆಂಟು ಮದ್ದು

ಹಳೇ ಕಾರು ಇರುವ ಮನೆಯಲ್ಲಿ ತಿಂಗಳಿಗೊಂದು ತಮಾಷೆ ಆಗಿಯೇ ಆಗುತ್ತದೆ. ನಗುವವರು ಮಾತ್ರ ಪಕ್ಕದ ಮನೆಯವರು.

ನಮ್ಮದು ಹದಿನಾಲ್ಕು ವರ್ಷದ ಪುಟ್ಟ ಕಾರು. ಬಣ್ಣ ಬೆಳ್ಳಿ ಅಂತ ದಾಖಲೆಯಲ್ಲಿದೆ, ಈಗ ಅದು ಯಾವ ಬಣ್ಣ ಅಂತ ಹೇಳುವ ಧೈರ್ಯ ನನಗಿಲ್ಲ. ಅದರಲ್ಲಿ ದಿನಾ ದೊಡ್ಡಬಳ್ಳಾಪುರದಿಂದ ತೂಬಗೆರೆ ಕಡೆಯ ಹೈಸ್ಕೂಲಿಗೆ ಹೋಗಿ ಬರುವವಳು ನಾನು, ಕನ್ನಡ ಟೀಚರು. ಕಾರು ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಕಲಿಯುವಾಗ ಒಂದು ಕಾಂಪೌಂಡು, ಎರಡು ಹೂಕುಂಡ, ಒಬ್ಬ ಡ್ರೈವಿಂಗ್ ಮೇಷ್ಟ್ರ ನೆಮ್ಮದಿ ಇಷ್ಟನ್ನೂ ಹಾಳು ಮಾಡಿದ್ದೇನೆ. ಅದಕ್ಕೂ ಮುಂಚೆ ಹದಿನೇಳು ವರ್ಷ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಹೋಗಿದ್ದೇನೆ. ಮತ್ತೆ ಹಾಗೆ ನಿಲ್ಲುವುದಕ್ಕೆ ನನಗೂ ಇಷ್ಟವಿಲ್ಲ, ನನ್ನ ಮಂಡಿಗಳಿಗೂ ಇಷ್ಟವಿಲ್ಲ.

ಇಂಥ ಕಾರಿನ ಮೀಟರು ಫಲಕದಲ್ಲಿ ಒಂದು ದಿನ ಇಂಜಿನ್ನಿನ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಚೆಕ್ ಇಂಜಿನ್ ಲೈಟು ಅನ್ನುತ್ತಾರೆ. ಅಂದರೆ ಏನೋ ಕೆಟ್ಟಿದೆ, ಏನು ಅಂತ ಕೇಳಬೇಡಿ, ನೀವೇ ಹುಡುಕಿಕೊಳ್ಳಿ ಅಂತ ಅರ್ಥ. ನಮ್ಮ ಯಜಮಾನರಿಗೆ ಸಿಟ್ಟು ಬಂದಾಗ ಅವರ ಮುಖವೂ ಹೀಗೇ ಇರುತ್ತದೆ. ಆದರೆ ಆ ದೀಪವನ್ನು ಕಂಡರೆ ಅವರಿಗೇ ಆಗದು. "ನೋಡು, ಇದು ಆರದೇ ಇದ್ರೆ ಕಾರು ಮಾರ್ಬಿಡ್ತೀನಿ. ನಡುದಾರೀಲಿ ಕೆಟ್ಟು ನಿಂತ್ರೆ ನಿನ್ನ ಕರ್ಕೊಂಡ್ ಬರೋರ್ ಯಾರು?" ಅಂದುಬಿಟ್ಟರು. ಅವತ್ತಿನಿಂದ ಶುರುವಾಯಿತು ನನ್ನ ಪಾಡು.

ವಿಜ್ಞಾನದ ಪ್ರಯೋಗ

ನನ್ನ ಜೊತೆ ಕಾರಿನಲ್ಲಿ ಶಾಲೆಗೆ ಬರುವವರು ಮೂರು ಜನ. ಗಣಿತದ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ವಿಜ್ಞಾನದ ಮೇಡಂ. ಮೂವರಿಗೂ ಕಾರು ಓಡಿಸಲು ಬರುವುದಿಲ್ಲ, ಆದ್ದರಿಂದ ಮೂವರಿಗೂ ಕಾರಿನ ಬಗ್ಗೆ ಎಲ್ಲ ಗೊತ್ತು.

ಗಣಿತದ ಮೇಷ್ಟ್ರು, "ಐವತ್ತರ ಮೇಲೆ ಓಡಿಸೋದ್ರಿಂದ ಹಿಂಗಾಗ್ತಿದೆ ಮೇಡಂ, ನಲವತ್ತರಲ್ಲಿ ಹೋಗಿ" ಅಂದರು. ಒಂದು ವಾರ ನಲವತ್ತರಲ್ಲೇ ಹೋದೆ. ಸೈಕಲ್ಲಿನಲ್ಲಿ ಬರುವ ನಮ್ಮ ಶಾಲೆಯ ಮಕ್ಕಳು ನಮಸ್ತೆ ಹೇಳಿ ಮುಂದೆ ಹೋದರು. ದೀಪಕ್ಕೆ ಏನೂ ಅನ್ನಿಸಲಿಲ್ಲ.

ವಿಜ್ಞಾನದ ಮೇಡಂ ಬೇರೆಯೇ ಹೇಳಿದರು. "ಇಂಜಿನ್ನಿಗೆ ಹೊರೆ ಜಾಸ್ತಿ ಆಗಿದೆ. ಯಾರಿಂದ ಅಂತ ಕಂಡುಹಿಡೀಬೇಕು ಅಂದ್ರೆ ಒಬ್ಬೊಬ್ಬರೇ ಇಳೀಬೇಕು. ಪ್ರಯೋಗ ಅಂದ್ರೆ ಹಂಗೇ."

ರಾಜಘಟ್ಟದ ಹತ್ತಿರ ಕಾರು ನಿಲ್ಲಿಸಿದೆ. ಇಂಜಿನ್ ಓಡುತ್ತಲೇ ಇತ್ತು. ಮೊದಲು ಎಲ್ಲರಿಗಿಂತ ದಪ್ಪಗಿರುವ ಪಿ.ಟಿ. ಮೇಷ್ಟ್ರನ್ನು ಇಳಿಸಿದೆವು. ದೀಪ ಉರಿಯುತ್ತಿತ್ತು. ಗಣಿತದ ಮೇಷ್ಟ್ರು ಇಳಿದರು. ಉರಿಯುತ್ತಿತ್ತು. ವಿಜ್ಞಾನದ ಮೇಡಂ ತಾವೂ ಇಳಿದು ಕಿಟಕಿಯಿಂದ ಬಗ್ಗಿ ನೋಡಿದರು. ಆಗಲೂ ಉರಿಯುತ್ತಿತ್ತು. ದಾರಿಯಲ್ಲಿ ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಏನ್ರೀ ಮೇಷ್ಟ್ರೇ, ಮೇಡಮ್ಮೋರು ಇಳಿಸ್ಬುಟ್ರಾ?" ಅಂತ ವಿಚಾರಿಸಿದಳು.

"ಇನ್ನು ನೀವೊಬ್ರೇ ಉಳಿದಿರೋದು, ನೀವೂ ಇಳೀರಿ" ಅಂದರು ವಿಜ್ಞಾನದ ಮೇಡಂ.

ಓಡುವ ಇಂಜಿನ್ ಬಿಟ್ಟು ಇಳಿಯಬಾರದು ಅಂತ ನನಗೆ ಡ್ರೈವಿಂಗ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗಾಗಿ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿ ಇಳಿದೆ. ದೀಪ ಆರಿತು.

ಮೂವರೂ ನನ್ನನ್ನೇ ನೋಡಿ ಒಟ್ಟಿಗೇ ಹೇಳಿದರು: "ಗೊತ್ತಾಯ್ತು!"

ಬೊಟ್ಟು

ದೀಪ ಆರಿಸಲು ಆಗದಿದ್ದರೆ ಮುಚ್ಚಲಾದರೂ ಆಗುತ್ತದಲ್ಲ ಅಂತ ನನಗೆ ಹೊಳೆಯಿತು. ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರ್ ಬೊಟ್ಟಿನ ಹಾಳೆ ಬ್ಯಾಗಿನಲ್ಲೇ ಇತ್ತು. ಅದರಲ್ಲಿ ದೊಡ್ಡದೊಂದನ್ನು ಕಿತ್ತು ದೀಪದ ಮೇಲೆ ಅಂಟಿಸಿದೆ. ಅಳತೆ ಕೊಟ್ಟು ಮಾಡಿಸಿದರೂ ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಹಗಲು ಬೆಳಕಿನಲ್ಲಿ ಏನೂ ಕಾಣುತ್ತಿರಲಿಲ್ಲ. ಹತ್ತು ದಿನ ನಾನು ರಾಣಿಯ ಹಾಗೆ ಓಡಾಡಿದೆ.

ಭಾನುವಾರ ಹೊಸಕೋಟೆಯಲ್ಲಿ ನಾಮಕರಣ. ಯಜಮಾನರೇ ಓಡಿಸಲು ಕೂತರು. ಪಕ್ಕದಲ್ಲಿ ಹಣ್ಣಿನ ತಟ್ಟೆ ಹಿಡಿದು ಅತ್ತೆ, ಹಿಂದೆ ನಾನು. ದೇವನಹಳ್ಳಿ ದಾಟಿದ ಮೇಲೆ ಮೋಡ ಕವಿದು ಕತ್ತಲಾಯಿತು. ನಾನು ಅಂಟಿಸಿದ್ದು ತೆಳು ಪ್ಲಾಸ್ಟಿಕ್ಕಿನ ಕೆಂಪು ಬೊಟ್ಟು. ಹಿಂದಿನಿಂದ ಹಳದಿ ದೀಪ ಹೊಳೆದರೆ ಏನಾಗುತ್ತದೆ ಅಂತ ನಾನು ಯೋಚಿಸಿರಲಿಲ್ಲ. ದೀಪ ಕೆಂಪಗೆ, ಗುಂಡಗೆ, ಕೆಂಡದ ಹಾಗೆ ಹೊಳೆಯತೊಡಗಿತು.

ಯಜಮಾನರು ಕಾರಿನ ಜೊತೆ ಬಂದ ಪುಸ್ತಕವನ್ನು ಮೂರು ಸಲ ಓದಿದವರು. ಹಳದಿ ದೀಪ ಅಂದರೆ ಮೆಕ್ಯಾನಿಕ್ಕಿಗೆ ತೋರಿಸಿ, ಕೆಂಪು ದೀಪ ಅಂದರೆ ತಕ್ಷಣ ನಿಲ್ಲಿಸಿ ಅಂತ ಅದರಲ್ಲಿದೆಯಂತೆ. ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ, "ಇಳೀರಿ! ಎಲ್ರೂ ದೂರ ಹೋಗಿ! ಹತ್ರ ಬರ್ಬೇಡಿ!" ಅಂತ ಕೂಗಿದರು. ಅತ್ತೆ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು, ಹಣ್ಣಿನ ತಟ್ಟೆ ಬಿಡದೆ, ದ್ರಾಕ್ಷಿ ತೋಟದ ಬೇಲಿಯವರೆಗೂ ಓಡಿದರು. ಅವರು ಅಷ್ಟು ಜೋರಾಗಿ ಓಡಬಲ್ಲರು ಅಂತ ನನಗೆ ಅವತ್ತೇ ಗೊತ್ತಾದದ್ದು. ನಿಜ ಹೇಳುವ ಬದಲು ನಾನೂ ಹಿಂದೆಯೇ ಓಡಿದೆ.

ಒಂದು ಗಂಟೆಯ ಮೇಲೆ ಕಾರು ಎಳೆಯುವ ಗಾಡಿ ಬಂತು. ಅದರ ಡ್ರೈವರು ಒಳಗೆ ಬಗ್ಗಿ ನೋಡಿದ, ಉಗುರಿನಿಂದ ಏನೋ ಕೆರೆದ, ಹೊರಗೆ ಬಂದು ಯಜಮಾನರ ಮುಂದೆ ಬೆರಳು ಹಿಡಿದ. ಯಜಮಾನರು ಬೆರಳಿನ ತುದಿಯ ಬೊಟ್ಟನ್ನು ನೋಡಿದರು, ಆಮೇಲೆ ನನ್ನ ಹಣೆಯನ್ನು ನೋಡಿದರು. ಎರಡೂ ಒಂದೇ ಹಾಳೆಯವು.

ಡ್ರೈವರು ಬಹಳ ಮರ್ಯಾದಸ್ಥ. ಬೊಟ್ಟನ್ನು ನನ್ನ ಕೈಗೆ ಕೊಟ್ಟು, "ಮಡೀಕೊಳ್ಳಿ ಮೇಡಂ, ಅಂಟು ಇನ್ನೂ ಚೆನ್ನಾಗೈತೆ" ಅಂದ.

ಇಲಿಯ ಕಣಜ

ಇದಾದ ಮೇಲೆ ಯಜಮಾನರು ಗಡುವು ಕೊಟ್ಟರು. ಮೂರು ತಿಂಗಳು. ಅಷ್ಟರಲ್ಲಿ ದೀಪ ತಾನಾಗಿ ಆರಬೇಕು, ಬೊಟ್ಟು ಗಿಟ್ಟು ನಡೆಯುವುದಿಲ್ಲ. ಇಲ್ಲದಿದ್ದರೆ ಗಿರಾಕಿ ಹುಡುಕುತ್ತಾರೆ.

ನಮ್ಮೂರಿನಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಅವರಿಗೆ ಮಿಷನ್ನುಗಳ ಮೇಲೆ ನಂಬಿಕೆಯಿಲ್ಲ, ಕಿವಿಯೊಂದೇ ಸಾಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಗ್ಯಾರೇಜಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ನಿಂತೆವು.

"ಉಸಿರು ಕಟ್ತಾ ಇದೆ ತಾಯಿ" ಅಂದರು. ಇಂಜಿನ್ನಿಗೆ ಗಾಳಿ ಹೋಗುವ ಡಬ್ಬಿಯ ಮುಚ್ಚಳ ಬಿಚ್ಚಿದರು. ಒಳಗೆ ಕಡಲೆಕಾಯಿ! ಒಂದೆರಡಲ್ಲ, ಮುಚ್ಚಳದವರೆಗೂ ಒತ್ತಿ ತುಂಬಿದ್ದ ಕಡಲೆಕಾಯಿ. ಇಲಿಯ ಕೆಲಸ. "ಇದ್ರಲ್ಲಿ ಇಂಜಿನ್ ಎಲ್ಲಿದೆ ತಾಯಿ, ಇದು ಕಣಜ" ಅಂತ ಎರಡು ಬಾಯಿಗೆ ಹಾಕಿಕೊಂಡರು.

ಕಡಲೆಕಾಯಿ ತೆಗೆದರೂ ದೀಪ ಆರಲಿಲ್ಲ. ಆದರೆ ನಮ್ಮ ಮನೆಯ ಇನ್ನೊಂದು ಹಳೇ ಕೇಸು ತೀರ್ಮಾನವಾಯಿತು. ಅತ್ತೆ ಮಹಡಿ ಮೇಲೆ ಒಣಗಲು ಹಾಕಿದ ಕಡಲೆಕಾಯಿ ದಿನಾ ಕರಗುತ್ತಿತ್ತು. ತಿಂದವರು ಯಜಮಾನರೇ ಅಂತ ಅತ್ತೆ ದಿನಾ ಸಂಜೆ ಬೈಯುತ್ತಿದ್ದರು. ನಾನು ಕವರಿನಲ್ಲಿ ತುಂಬಿ ತಂದ ಸಾಕ್ಷಿಯನ್ನು ಯಜಮಾನರು ಅಮ್ಮನ ಮುಂದೆ ಸುರಿದು, "ನೋಡಮ್ಮಾ! ಈಗ್ಲಾದ್ರೂ ನಂಬ್ತೀಯಾ? ಎಲ್ಲಾ ಇಲಿ ತಗೊಂಡ್ಹೋಗಿದ್ದು!" ಅಂತ ಎದೆಯುಬ್ಬಿಸಿ ನಿಂತರು.

ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ ನೋಡಿದರು.

"ಇಲೀನ ನೋಡ್ ಕಲಿ ಕಣೋ. ಒಂದೂ ಜೊಳ್ಳಿಲ್ಲ. ಹೋದ್ವಾರ ನೀನು ಸಂತೆಯಿಂದ ತಂದಿದ್ರಲ್ಲಿ ಅರ್ಧ ಬರೀ ಸಿಪ್ಪೆ."

ಚಿಕ್ಕಪ್ಪನ ಟ್ರ್ಯಾಕ್ಟರು

ಇದು ಸಣ್ಣದು. ಯಜಮಾನರ ಚಿಕ್ಕಪ್ಪ ಊರಿನಿಂದ ಬಂದಿದ್ದರು. ದೀಪದ ವಿಷಯ ಕೇಳಿ ನಕ್ಕರು. "ನನ್ನ ಟ್ರ್ಯಾಕ್ಟರಿಗೆ ಇಪ್ಪತ್ತೆರಡು ವರ್ಷ ಕಣಮ್ಮಾ. ಇವತ್ತಿನವರ್ಗೂ ಒಂದು ದೀಪ ಹತ್ತಿಲ್ಲ."

"ಹೇಗೆ ನೋಡ್ಕೋತೀರಿ ಮಾವ?" ಅಂದೆ.

"ತಂದ ವಾರಾನೇ ದೀಪದ ವೈರೆಲ್ಲಾ ಕಿತ್ತಾಕ್ದೆ. ನೋಡಿದ್ರೆ ತಾನೇ ಕಾಯಿಲೆ? ನಂಗೂ ಹಂಗೇ. ಸಕ್ಕರೆ ಕಾಯಿಲೆ ಇದೆಯಾ ಅಂತ ಇವತ್ತಿನವರ್ಗೂ ಪರೀಕ್ಷೆ ಮಾಡ್ಸಿಲ್ಲ, ಅದ್ಕೇ ಇಲ್ಲ" ಅನ್ನುತ್ತಾ ಆರನೇ ಜಾಮೂನಿಗೆ ಕೈ ಹಾಕಿದರು.

ಹದಿನಾರು ತೂತು

ಮೂರು ತಿಂಗಳು ಕಳೆಯಿತು. ದೀಪ ಆರಲಿಲ್ಲ. ಯಜಮಾನರು ಹೇಳಿದ ಹಾಗೆ ಗಿರಾಕಿ ಹುಡುಕಿದರು. ಮಧುರೆ ಕಡೆಯ ಗುಲಾಬಿ ಬೆಳೆಯುವ ರೈತರು. ಒಂದು ಶುಕ್ರವಾರ ಹೂವು ಮಾರಿಕೊಂಡು, ಬೆಳಿಗ್ಗೆ ಏಳಕ್ಕೇ ತಮ್ಮ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಬಂದುಬಿಟ್ಟರು. ನನಗೆ ಕಾಫಿ ಮಾಡುವಾಗ ನಿಜವಾಗಿಯೂ ಅಳು ಬಂತು. ಸೋಮವಾರದಿಂದ ಮತ್ತೆ ಬಸ್ಸು.

ಮೆಕ್ಯಾನಿಕ್ಕನ ಕೈಯಲ್ಲಿ ಒಂದು ಪುಟ್ಟ ಮಿಷನ್ ಇತ್ತು. ಸ್ಟೇರಿಂಗಿನ ಕೆಳಗೆ ಎಲ್ಲ ಕಾರಿನಲ್ಲೂ ಒಂದು ಸಾಕೆಟ್ ಇರುತ್ತದಂತೆ. ಅದಕ್ಕೆ ಮಿಷನ್ನಿನ ಪಿನ್ನು ಚುಚ್ಚಿದರೆ ತೊಂದರೆ ಏನು ಅಂತ ಕಾರೇ ಹೇಳುತ್ತದಂತೆ. ಹಿಂದೆ ಎರಡು ಗ್ಯಾರೇಜಿನವರು ಇದನ್ನೇ ಮಾಡಲು ಹೋಗಿ, ಪಿನ್ನು ಕೂರದೆ, "ಕಾರು ತುಂಬಾ ಹಳೇದು" ಅಂತ ಕೈಬಿಟ್ಟಿದ್ದರು. ಈತ ಬಿಡುವ ಆಸಾಮಿಯಲ್ಲ. ಮೊಬೈಲಿನ ಟಾರ್ಚು ಹಚ್ಚಿ ಒಳಗೆ ನುಸುಳಿದ. ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು: "ಸಾರ್, ಇಲ್ಲಿ ಸೌದೆ ಇದೆ."

ಇಕ್ಕಳ ಇಸಿದುಕೊಂಡು ಒಂದೊಂದೇ ಬಿದಿರು ಕಡ್ಡಿಯ ತುಂಡು ಕಿತ್ತು ಬಾನೆಟ್ಟಿನ ಮೇಲೆ ಜೋಡಿಸಿದ. ಹನ್ನೊಂದಾಯಿತು. ಒಂದನ್ನು ಮೂಸಿ ನೋಡಿ, "ಗಂಧ" ಅಂದ.

ಅಷ್ಟರಲ್ಲಿ ಸ್ನಾನ ಮುಗಿಸಿದ ಅತ್ತೆ, ಕೈಯಲ್ಲಿ ಊದುಬತ್ತಿ, ಬೆಂಕಿಪೊಟ್ಟಣ ಹಿಡಿದು ಹೊರಗೆ ಬಂದರು. "ಅಯ್ಯಯ್ಯೋ, ಯಾಕಪ್ಪಾ ಎಲ್ಲಾ ಕಿತ್ತಾಕ್ತಿದೀಯಾ? ಈಗ ಹಚ್ಚೋಣಾಂತ ಬಂದ್ರೆ!"

ನಡೆದದ್ದು ಇಷ್ಟು. ಮೂರು ವರ್ಷದ ಹಿಂದೆ ಆಯುಧಪೂಜೆಯ ದಿನ ಅತ್ತೆ ಕಾರಿನ ಹೊಸ್ತಿಲು ಒರೆಸಲು ಕೆಳಗೆ ಕೂತಾಗ ಈ ಸಾಕೆಟ್ ಕಣ್ಣಿಗೆ ಬಿದ್ದಿದೆ. ಎರಡು ಸಾಲು, ಸಾಲಿಗೆ ಎಂಟೆಂಟು ಪುಟ್ಟ ತೂತು. ಗಾಳಿಗೆ ಆರದಿರಲಿ ಅಂತ ಕಾರಿನವರು ಊದುಬತ್ತಿ ಸ್ಟ್ಯಾಂಡನ್ನು ಒಳಗಡೆ ಇಟ್ಟಿದ್ದಾರೆ ಅಂತ ಅವರಿಗೆ ಬಹಳ ಸಂತೋಷವಾಗಿದೆ. ಅವತ್ತಿನಿಂದ ಪ್ರತಿ ಶುಕ್ರವಾರ, ನಾನು ತಲೆ ಬಾಚಿಕೊಳ್ಳುವ ಹೊತ್ತಿಗೆ, ತಪ್ಪದೆ ಎರಡು ಕಡ್ಡಿ. ಶುಕ್ರವಾರ ಕಾರಿನಲ್ಲಿ ಬರುವ ವಾಸನೆ ಪಿ.ಟಿ. ಮೇಷ್ಟ್ರ ಸೆಂಟು ಅಂತ ನಾನು ಮೂರು ವರ್ಷ ನಂಬಿದ್ದೆ.

"ಅಮ್ಮಾ! ಕಾರೊಳಗೆ ಬೆಂಕಿನಾ!" ಯಜಮಾನರು ಮೆಟ್ಟಿಲ ಮೇಲೆ ಕುಸಿದು ಕೂತರು.

"ಪೂರ್ತಿ ಆರೋವರ್ಗೂ ಪಕ್ಕದಲ್ಲೇ ಕೂತು ದೇವರ ನಾಮ ಹೇಳ್ಕೋತೀನಿ. ನಾನೇನ್ ದಡ್ಡಿನಾ?"

ಮೆಕ್ಯಾನಿಕ್ ಸಾಕೆಟ್ಟಿನ ಬೂದಿ ಊದಿ ಪಿನ್ನು ಚುಚ್ಚಿದ. ಕೂತಿತು. ಮಿಷನ್ ಕುಂಯ್ ಅಂದಿತು. "ಹೊಗೆ ಕೊಳವೆಯ ಸೆನ್ಸರ್ ಒಂದು ಹೋಗಿದೆ ಸಾರ್. ಅರ್ಧ ಗಂಟೆ ಕೆಲಸ. ಇಂಜಿನ್ ಗುಂಡುಕಲ್ಲಿನ ಹಂಗಿದೆ."

ಗಿರಾಕಿಯ ಮುಖ ಅರಳಿತು. ಕಾಯಿಲೆ ಇಷ್ಟೇ ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ದೀಪ ಆರಲಿ ಅಂತ ಹರಕೆ ಹೊತ್ತವಳು, ಈಗ ನಿಂತ ಜಾಗದಲ್ಲೇ ಇಂಜಿನ್ ಕಳಚಿ ಬೀಳಲಿ ಅಂತ ಬೇಡಿಕೊಂಡೆ. ಯಜಮಾನರ ಕಡೆ ನೋಡಿದೆ. "ಮಾತು ಕೊಟ್ಟಾಗಿದೆ" ಅಂತ ಅವರು ನೆಲ ನೋಡಿದರು.

ಮೆಕ್ಯಾನಿಕ್ ಮಾತ್ರ ಅತ್ತೆಗೆ ಬುದ್ಧಿ ಹೇಳುತ್ತಿದ್ದ. "ಅಮ್ಮಾ, ಇದು ಕಾರಿನ ಕಾಯಿಲೆ ನೋಡೋ ಜಾಗ. ಇಲ್ಲಿ ಇನ್ಮೇಲೆ ಊದುಬತ್ತಿ ಹಚ್ಬೇಡಿ."

"ಕಾಯಿಲೆ ಇರೋ ಕಡೆ ಹಚ್ದೆ ಇನ್ನೆಲ್ ಹಚ್ಲಪ್ಪಾ? ಸೆನ್ಸರ್ ಸತ್ತು ಅದೆಷ್ಟು ದಿನ ಆಯ್ತೋ. ಈ ಮೂರು ವರ್ಷದಲ್ಲಿ ಒಂದ್ ದಿನ ಇಂಜಿನ್ ತಾನಾಗೇ ಕೆಟ್ಟು ನಿಂತಿದೆಯಾ, ನಿನ್ನ ಮಿಷನ್ನೇ ಕೇಳು."

ಮೆಕ್ಯಾನಿಕ್ ಮಿಷನ್ ನೋಡಿ, "ಇಲ್ಲ" ಅಂದ.

ಗಿರಾಕಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಬಾನೆಟ್ಟಿನ ಮೇಲಿದ್ದ ಹನ್ನೊಂದು ಕಡ್ಡಿಗೆ ಕೈಮುಗಿದರು. "ನಂಗ್ ಬ್ಯಾಡ ಬುಡಿ ಸಾರ್. ಈ ಕಾರು ಪೆಟ್ರೋಲ್ ಮೇಲೆ ಓಡ್ತಿಲ್ಲ, ಊದುಬತ್ತಿ ಮೇಲೆ ಓಡ್ತಾ ಐತೆ. ನಮ್ಮನೇಲಿ ಬೆಳಗಿನ್ ಜಾವ ಎದ್ದು ಹೂವು ಮಾರಾಕೆ ಹೋಗೋನು ನಾನೊಬ್ನೇ, ಮಿಕ್ಕೋರೆಲ್ಲಾ ಏಳೋದು ಎಂಟಕ್ಕೆ. ಹಚ್ಚೋರ್ ಯಾರು? ಅಮ್ಮೋರ್ನೂ ಕಾರಿನ್ ಜೊತೇಲಿ ಕಳಿಸೋದಾದ್ರೆ ಹೇಳಿ, ಈಗ್ಲೇ ಮಾತು ಮುಗ್ಸೋಣ."

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಬರ್ತೀನಿ. ಆದ್ರೆ ನನ್ನ ಸೊಸೇನೂ ಬರ್ಬೇಕು. ಹೊರಗಿನೋರು ಓಡ್ಸಿದ್ರೆ ನಂಗೆ ವಾಂತಿ ಆಗುತ್ತೆ."

ಗಿರಾಕಿ ಕಾರನ್ನೊಮ್ಮೆ ನೋಡಿದರು, ಅತ್ತೆಯನ್ನೊಮ್ಮೆ ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನೊಮ್ಮೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಯಜಮಾನರಿಗೆ ಹೇಳಿದರು:

"ನಾನು ಬಂದಿದ್ದು ಬರೀ ಕಾರಿಗೆ ಸಾರ್."